ಬುಸಾನಿನಲ್ಲಿ ಮಾವನ ಬೆನ್ನು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಈ ಪ್ರಕರಣದಲ್ಲಿ ಕೊರಿಯಾ ದೇಶದ ತಪ್ಪೇನೂ ಇಲ್ಲ. ಬುಸಾನ್ ನಗರದ್ದೂ ಇಲ್ಲ. ಅಲ್ಲಿನ ಸಮುದ್ರ, ಪಾಪ, ತನ್ನ ಪಾಡಿಗೆ ತಾನಿತ್ತು. ತಪ್ಪೆಲ್ಲ ನನ್ನ ಬಾಯಿಯದು. ಯಾರು ಮಾತಾಡಿದರೂ ಎರಡೇ ನಿಮಿಷದಲ್ಲಿ ಅವರ ದನಿ ನನ್ನ ಗಂಟಲಿಗೆ ಬಂದು ಕೂರುತ್ತದೆ. ನಮ್ಮ ಡಾಕ್ಟರ ಹತ್ತಿರ ಅಪಾಯಿಂಟ್‌ಮೆಂಟ್ ಇಲ್ಲ ಎನ್ನುವ ರಿಸೆಪ್ಷನ್ ಹುಡುಗಿಯನ್ನೂ ಬಿಟ್ಟವನಲ್ಲ, ಮ್ಯಾನೇಜರಿಗೆ ಹಲ್ಲು ಕಿರಿಯುವ ನನ್ನನ್ನೂ ಬಿಟ್ಟವನಲ್ಲ.

ಕಳೆದ ಗಣೇಶನ ಹಬ್ಬಕ್ಕೆ, ಲಂಡನ್ನಿನ ಕನ್ನಡದವರೆಲ್ಲ ಸೇರುವ ಹ್ಯಾರೋದ ಹಾಲ್‌ನಲ್ಲಿ ಕೈಗೆ ಮೈಕ್ ಸಿಕ್ಕಿತು. ಮಾವನವರ ಮಿಮಿಕ್ರಿ ಮಾಡಿಬಿಟ್ಟೆ!

ಮಾವ ಅಂದರೆ ನನ್ನ ಹೆಂಡತಿ ಶ್ರುತಿಯ ಅಪ್ಪ. ಮೈಸೂರಿನವರು, ಕಿಂಗ್ಸ್‌ಬರಿಯಲ್ಲಿ ನೆಲೆಸಿರುವ ನಿವೃತ್ತ ಇಂಜಿನಿಯರ್. ಮಹಾ ಸಂಕೋಚದ ಮನುಷ್ಯ. ಬಚ್ಚಲಿನಿಂದ ಹೊರಗೆ ಬರುವಾಗಲೇ ಅಂಗಿಯ ಕತ್ತಿನ ಗುಂಡಿಯನ್ನೂ ಹಾಕಿರುತ್ತಾರೆ. ಏನು ಹೇಳಬೇಕಾದರೂ ಒಮ್ಮೆ ಕೆಮ್ಮಿ, "ವಿಷಯ ಅದಲ್ಲಪ್ಪಾ" ಎಂದೇ ಶುರು. ನಾನೂ ಹಾಗೇ ಶುರು ಮಾಡಿದೆ. ಜನ ಬಿದ್ದು ಬಿದ್ದು ನಕ್ಕರು. ಕೋಸಂಬರಿ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದ ಒಬ್ಬರು ಮಾತ್ರ ನಗಲಿಲ್ಲ.

ಅಂದಿನಿಂದ ಮಾವ ನನ್ನೊಡನೆ ಮಾತು ಬಿಟ್ಟರು. ನಾನು ಎದುರಿಗೇ ಕೂತಿದ್ದರೂ ಮಗಳನ್ನು ಕರೆದು, "ಕಾಫಿ ಬೇಕಾ ಕೇಳಮ್ಮ ಅವರನ್ನ" ಎನ್ನುತ್ತಿದ್ದರು. 'ಅವರು'! ಆ ಮನೆಯಲ್ಲಿ ನನಗೆ ಸಿಕ್ಕ ಮೊದಲ ಬಹುವಚನ. ನಮ್ಮಿಬ್ಬರ ನಡುವೆ ಮಾತು ಸಾಗಿಸಿ ಸುಸ್ತಾದ ಶ್ರುತಿ ಕೊನೆಗೆ ಆಜ್ಞೆ ಹೊರಡಿಸಿದಳು.

"ಅಪ್ಪ ತಾವಾಗೇ ನಿನ್ನ ಹತ್ರ ಒಂದು ಮಾತಾಡ್ಬೇಕು. ಅಲ್ಲೀವರೆಗೂ ನಿನ್ನ ಮಿಮಿಕ್ರಿ ಬಂದ್."

ನನಗೆ ಊಟ ಬಂದ್ ಮಾಡಿದ್ದರೂ ತಡೆದುಕೊಳ್ಳುತ್ತಿದ್ದೆ.

ಅವಳಿಗೆ ಆಫೀಸಿನ ಕೆಲಸದ ಮೇಲೆ ಬುಸಾನಿಗೆ ಹೋಗುವುದಿತ್ತು. ಮಾವನಿಗೆ ಸಮುದ್ರವೆಂದರೆ ಪ್ರಾಣ. ಮೂವರೂ ಹೋಗೋಣ, ನೀನು ಕೆಲಸದಲ್ಲಿರುವಾಗ ಅವರಿಗೆ ಊರು ತೋರಿಸುವ ಹೊಣೆ ನನ್ನದು ಎಂದೆ. ಲಂಡನ್ನಿನ ಟ್ಯೂಬ್ ರೈಲುಗಳನ್ನೇ ಅರೆದು ಕುಡಿದವನಿಗೆ ಬುಸಾನ್ ಯಾವ ಲೆಕ್ಕ?

ಹ್ಯಾರೋದಲ್ಲಿ ಸಂದಿಗೊಂದಿಗೂ ದಾರಿ ಹೇಳುವ ನನ್ನ ಫೋನಿನ ಮ್ಯಾಪ್, ಆ ದೇಶದಲ್ಲಿ ನಡೆಯುವ ದಾರಿಯನ್ನೇ ತೋರಿಸುವುದಿಲ್ಲ ಎಂಬುದು ಅಲ್ಲಿಗೆ ಹೋದ ಮೇಲೆ ಗೊತ್ತಾಯಿತು. ಅಂದಾಜಿನ ಮೇಲೆ ಹೊರಟೆ. ಸಮುದ್ರ ತೋರಿಸುತ್ತೇನೆಂದು ಮಾವನನ್ನು ಬೆಟ್ಟದ ಮೇಲಿನ ಬಣ್ಣಬಣ್ಣದ ಮನೆಗಳ ಬೀದಿಗೆ ಹತ್ತಿಸಿದೆ. ಚೆನ್ನಾಗಿಯೇ ಇತ್ತು. ಇಳಿಯುವ ದಾರಿ ಹುಡುಕುತ್ತ ಮತ್ತೆ ಅಲ್ಲಿಗೇ ಹತ್ತಿಸಿದೆ. ಎರಡನೇ ಸಲ ಅಷ್ಟು ಚೆನ್ನಾಗಿರಲಿಲ್ಲ. ಮಾವನ ಮಂಡಿ ಹಿಡಿದುಕೊಂಡಿತು. ಬಾಯಿ ಮಾತ್ರ ಬಿಡಲಿಲ್ಲ.

ಮರುದಿನ ಜಾಗಲ್ಚಿ ಮೀನು ಮಾರುಕಟ್ಟೆ. ನೋಡಲೇಬೇಕಾದ ಜಾಗ ಎಂದು ಓದಿದ್ದೆ. ಮಾವ ಈರುಳ್ಳಿಯನ್ನೂ ಅನುಮಾನದಿಂದ ನೋಡುವವರು ಎಂಬುದನ್ನು ಮರೆತಿದ್ದೆ. ತೊಟ್ಟಿಯಿಂದ ತಪ್ಪಿಸಿಕೊಂಡ ಆಕ್ಟೋಪಸ್ ಒಂದು, ಅಷ್ಟು ಜನರ ನಡುವೆ ಸೀದಾ ಬಂದು ಮಾವನ ಶೂ ತಬ್ಬಿಕೊಂಡಿತು. ಮಾವ "ಶಿವ ಶಿವಾ" ಎಂದರು. ಮಾತಾಡಿದರಲ್ಲ ಎಂದು ಹಿಗ್ಗಿ ಶ್ರುತಿಗೆ ಫೋನ್ ಮಾಡಿದೆ. ಆ ಮಾತು ಶಿವನಿಗೆ ಸೇರಿದ್ದು, ನಿನ್ನ ಖಾತೆಗೆ ಬರುವುದಿಲ್ಲ ಎಂದು ಅವಳು ತೀರ್ಪು ಕೊಟ್ಟಳು.

ಉಳಿದದ್ದು ಒಂದೇ ದಿನ. ಸಮುದ್ರದ ದಂಡೆಯ ಹತ್ತಿರ ಬಿಸಿನೀರಿನ ಸ್ನಾನದ ಮನೆ ಇದೆ, ಮಂಡಿನೋವಿಗೆ ಒಳ್ಳೆಯದು ಎಂದು ಹೋಟೆಲಿನವರು ಹೇಳಿದರು. ನಮ್ಮ ಅಕ್ಸ್‌ಬ್ರಿಡ್ಜಿನ ಈಜುಕೊಳದ ಹಾಗಿರಬಹುದು ಎಂದುಕೊಂಡೆ. ಮಾವನಿಗೆ ಸಂಕೋಚವಾಗಬಾರದೆಂದು ಮಂಡಿ ಮುಚ್ಚುವಷ್ಟು ಉದ್ದದ ಈಜುಚಡ್ಡಿ, ತುಂಬುತೋಳಿನ ಬನಿಯನ್ ಎಲ್ಲ ಕೊಂಡೆ.

ಗಂಡಸರ ಕಡೆಯ ಬಾಗಿಲಲ್ಲಿದ್ದ ಅಜ್ಜ ಅವನ್ನೆಲ್ಲ ಪ್ರೀತಿಯಿಂದ ಇಸಿದುಕೊಂಡು, ಮಡಚಿ, ಲಾಕರಿನಲ್ಲಿಟ್ಟ. ಆಮೇಲೆ ಮೈಮೇಲಿದ್ದದ್ದನ್ನೂ ಬಿಚ್ಚಿ ಎಂದು ಸನ್ನೆ ಮಾಡಿದ. ಆಗ ಒಳಗೆ ನೋಡಿದೆ. ಅಲ್ಲಿದ್ದ ಸಮಸ್ತ ಗಂಡಸರೂ ಹುಟ್ಟಿದ ದಿನ ಹೇಗಿದ್ದರೋ ಹಾಗೇ ಇದ್ದರು!

ಟವೆಲ್ ಎಂದು ಅಜ್ಜ ಕೊಟ್ಟದ್ದು ಕರ್ಚೀಫಿನ ಅಣ್ಣನನ್ನು. ಮಾವ ಅದನ್ನು ಉದ್ದಕ್ಕೂ ಅಡ್ಡಕ್ಕೂ ಹಿಡಿದು ನೋಡಿದರು. ಇಂಜಿನಿಯರ್ ಅಲ್ಲವೇ, ಹೇಗೆ ಹಿಡಿದರೂ ಅಳತೆ ಸಾಲದೆಂದು ಬೇಗ ತಿಳಿಯಿತು. ಓಡಿಹೋಗೋಣವೆಂದರೆ ಮಂಡಿ ಒಪ್ಪಲಿಲ್ಲ. ಗಾಜಿನಾಚೆ ಹಬೆಯಾಡುವ ನೀರನ್ನು ಅದು ಆಗಲೇ ಕಂಡಿತ್ತು. ಮಾವ ಕತ್ತಿನ ಗುಂಡಿಗೆ ಕೈ ಹಾಕಿದರು. ನಾನು ಗೋಡೆಯ ಕಡೆ ತಿರುಗಿ, ಒಂದಕ್ಷರವೂ ಬಾರದ ಕೊರಿಯನ್ ಫಲಕವನ್ನು ಬಹಳ ಶ್ರದ್ಧೆಯಿಂದ ಓದಿದೆ.

ಕತ್ತಿನವರೆಗೆ ನೀರಿನಲ್ಲಿ ಮುಳುಗಿ, ಇಬ್ಬರೂ ಬೇರೆ ಬೇರೆ ದಿಕ್ಕು ನೋಡುತ್ತ ಕೂತೆವು. ಮರ್ಯಾದೆ ಉಳಿಯಿತು ಎನ್ನುವಷ್ಟರಲ್ಲಿ ಅದೇ ಅಜ್ಜ ಬಂದ. ನಮ್ಮನ್ನು ಮೇಲೆಬ್ಬಿಸಿ, ಪುಟ್ಟ ಸ್ಟೂಲುಗಳ ಮೇಲೆ ಹಿಂದೆ ಮುಂದೆ ಕೂರಿಸಿ, ನನ್ನ ಕೈಗೆ ಒರಟು ಬಟ್ಟೆಯ ಚೀಲವೊಂದನ್ನು ತೊಡಿಸಿ, ಮಾವನ ಬೆನ್ನು ತೋರಿಸಿದ. ಸುತ್ತಲೂ ಮಕ್ಕಳು ಅಪ್ಪಂದಿರ ಬೆನ್ನು ಉಜ್ಜುತ್ತಿದ್ದರು. ದೀಪಾವಳಿಗೆ ಅಳಿಯನಿಗೆ ಎಣ್ಣೆಸ್ನಾನ ಮಾಡಿಸುವುದು ನಾನು ಬಲ್ಲ ಪದ್ಧತಿ. ಇಲ್ಲಿ ಎಲ್ಲ ಉಲ್ಟಾ. ಕಣ್ಣು ಮುಚ್ಚಿ ಉಜ್ಜಿದೆ.

ಮಾವ ಕೆಮ್ಮಿದರು.

"ವಿಷಯ ಅದಲ್ಲಪ್ಪಾ. ಸ್ವಲ್ಪ ಎಡಕ್ಕೆ."

ಗಣೇಶನ ಹಬ್ಬದ ನಂತರ ಅವರು ನನಗೆ ಆಡಿದ ಮೊದಲ ಮಾತು! ಕಣ್ಣಲ್ಲಿ ನೀರೇ ಬಂತು. ಸ್ವಲ್ಪ ಹೊತ್ತಿನಲ್ಲೇ ಇನ್ನೂ ಬಂತು, ಏಕೆಂದರೆ ಅಜ್ಜ ಚೀಲವನ್ನು ಮಾವನ ಕೈಗೆ ತೊಡಿಸಿ ನನ್ನ ಬೆನ್ನು ತೋರಿಸಿದ. ಮೈಕಿನಲ್ಲಿ ನಾನು ಆಡಿದ್ದ ಒಂದೊಂದು ಮಾತಿಗೂ ಒಂದೊಂದು ಪದರ ಚರ್ಮ ಕಿತ್ತುಬಂತು.

ಇವತ್ತು ಏನು ನೋಡಿದಿರಿ ಎಂದು ಸಂಜೆ ಶ್ರುತಿ ಕೇಳಿದಳು.

"ಸಮುದ್ರ," ಎಂದೆವು, ಇಬ್ಬರೂ ಒಟ್ಟಿಗೆ.

ಯುಗಾದಿಗೆ ಮತ್ತೆ ಹ್ಯಾರೋದ ಅದೇ ಹಾಲ್, ಅದೇ ಮೈಕ್. ಬುಸಾನ್ ಪ್ರವಾಸದ ಬಗ್ಗೆ ಹೇಳು ಎಂದು ಎಲ್ಲರೂ ಹಿಂದೆ ಬಿದ್ದರು. ಮಾವ ಈಗ ನನ್ನೊಡನೆ ಧಾರಾಳವಾಗಿ ಮಾತಾಡುತ್ತಿದ್ದರಲ್ಲ, ನಿಷೇಧವೂ ಮುಗಿದಿತ್ತಲ್ಲ. ಆಕ್ಟೋಪಸ್ ಕಂಡ ಮಾವನನ್ನು ಮಾಡೋಣವೆಂದು ಗಂಟಲು ಸರಿಮಾಡಿಕೊಂಡು, "ವಿಷಯ ಅದಲ್ಲಪ್ಪಾ" ಎಂದೆ. ಹಾಲ್ ಗೊಳ್ಳೆಂದಿತು.

ಮೊದಲ ಸಾಲಿನಲ್ಲಿ ಕೂತಿದ್ದ ಮಾವ ಒಬ್ಬಟ್ಟಿನ ತಟ್ಟೆಯನ್ನು ಪಕ್ಕಕ್ಕಿಟ್ಟು, ಕತ್ತಿನ ಗುಂಡಿ ಮುಟ್ಟಿ ನೋಡಿಕೊಂಡು, ಎಲ್ಲರಿಗೂ ಕೇಳುವ ಹಾಗೆ ಹೇಳಿದರು:

"ಮಾಡಪ್ಪ, ಧಾರಾಳವಾಗಿ ಮಾಡು. ಮಾಡೋದಾದ್ರೆ ಆ ಕೊನೇ ದಿನದ್ದು ಮಾಡು. ಅವತ್ತಿನ ವೇಷದಲ್ಲೇ ಮಾಡು."