ಅಕ್ಕತಂಗಿಯರ ಹಲಗೆಯೂ ತಮ್ಮ ಹದಿನಾಲ್ಕು ಹಲ್ಲಿನ ಬ್ಲೇಡೂ

ಗರಗಸದ ಬ್ಲೇಡು ತಯಾರಿಸುವ ಘನ ಕಂಪನಿಯ ಗ್ರಾಹಕ ಸಲಹಾ ವಿಭಾಗದ ಮುಖ್ಯಸ್ಥರ ಸನ್ನಿಧಾನಕ್ಕೆ,

ಮಾನ್ಯರೇ,

ಸ್ಲಾವೋನಿಯಾದ ಒಂದು ಮೂಲೆಯ ಹಳ್ಳಿಯಲ್ಲಿ ಮೂವತ್ತು ವರ್ಷದಿಂದ ತಂಬೂರಾ ಮಾಡಿಕೊಂಡಿರುವ, ಅಂದರೆ ಮದುವೆಮನೆಗಳಲ್ಲಿ ಮುದುಕರನ್ನೂ ಎಬ್ಬಿಸಿ ಕುಣಿಸುವ ನಮ್ಮ ತಂತಿವಾದ್ಯವನ್ನು ಕೆತ್ತಿಕೊಂಡಿರುವ ಬ್ಲಾಜ್ ತೊಮುರಾದ್ ಎಂಬ ನಾನು, ತಮಗೆ, ತಮ್ಮ ಕುಟುಂಬಕ್ಕೆ, ಮತ್ತು ನೂರಹನ್ನೆರಡು ಪುಟಗಳ ತಮ್ಮ ಹೊಳೆಯುವ ಕ್ಯಾಟಲಾಗಿಗೆ ಸಕಲ ಕ್ಷೇಮವನ್ನೂ ಕೋರಿ ಈ ಪತ್ರವನ್ನು ಎಲ್ಲರೂ ಓದಲೆಂದು ಪತ್ರಿಕೆಗೂ ಒಂದು ಪ್ರತಿ ಕಳಿಸಿ ಬರೆಯುತ್ತಿದ್ದೇನೆ.

ಮೊದಲು ನನ್ನ ಅಜ್ಞಾನವನ್ನು ಒಪ್ಪಿಕೊಳ್ಳುತ್ತೇನೆ. ನಮ್ಮೂರ ಸಾಮಿಲ್ಲಿನ ಜೂಕಾ ಮಾವ ಇಷ್ಟು ವರ್ಷವೂ ನನಗೆ ಬೇಕಾದ ಹಲಗೆಗಳನ್ನು ತೆಳ್ಳಗೆ ಸೀಳಿ ಕೊಡುತ್ತಿದ್ದ. ಕಳೆದ ವಸಂತದಲ್ಲಿ ಅವನು ಮಿಲ್ಲು ಮುಚ್ಚಿದ ಮೇಲೆ ನಾನೇ ಒಂದು ಬ್ಯಾಂಡ್‌ಸಾ ಮೆಷಿನ್ನು, ಅಂದರೆ ಬಳೆಯಂತೆ ಬೆಸೆದ ಉಕ್ಕಿನ ಪಟ್ಟಿ ಸುತ್ತುತ್ತಾ ಮರ ಸೀಳುವ ಗರಗಸವನ್ನು ತಂದಿಟ್ಟೆ. ಅದಕ್ಕೆ ಬ್ಲೇಡು ಯಾವುದು ಹಾಕಬೇಕೆಂದು ಮಾತ್ರ ಗೊತ್ತಿರಲಿಲ್ಲ. "ಜೂಕಾನ್ನ ಒಂದು ಮಾತು ಕೇಳಬಾರದಾ, ಎರಡು ಮನೆ ಆಚೆ ಕೂತಿದ್ದಾನೆ" ಎಂದು ನನ್ನ ಹೆಂಡತಿ ರೂಝಾ ಹೇಳಿದಳು. ನೂರಹನ್ನೆರಡು ಪುಟ ಕೈಯಲ್ಲಿರುವವನು ಎರಡು ಮನೆ ಆಚೆಗೆ ಏಕೆ ಹೋಗಬೇಕು?

ಅಷ್ಟರಲ್ಲಿ ಕಾತಾ ಅತ್ತೆ ಮತ್ತು ಮಾಂದಾ ಅತ್ತೆ ನನ್ನ ಕಾರ್ಖಾನೆಗೆ ಬಂದರು, ಒಟ್ಟಿಗಲ್ಲ, ಒಬ್ಬರ ಹಿಂದೆ ಒಬ್ಬರು, ಮಧ್ಯೆ ಒಂದು ಗಾಡಿ ಹೋಗುವಷ್ಟು ಜಾಗ ಬಿಟ್ಟು. ಒಡಹುಟ್ಟಿದ ಈ ಇಬ್ಬರು, ಎಪ್ಪತ್ತು ದಾಟಿದವರು, ಎದುರುಬದುರು ಮನೆಯವರು, ಒಂಬತ್ತು ವರ್ಷದಿಂದ ಮಾತು ಬಿಟ್ಟಿದ್ದರು. ಹೇಳಲೇಬೇಕಾದದ್ದೇನಾದರೂ ಇದ್ದರೆ ತಂತಮ್ಮ ಬೆಕ್ಕಿಗೆ ಗಟ್ಟಿಯಾಗಿ ಹೇಳಿ ಬೀದಿಯಾಚೆಗೆ ಕೇಳಿಸುತ್ತಿದ್ದರು. ಜಗಳಕ್ಕೆ ಕಾರಣ ಅವರ ಅಪ್ಪ ಅಟ್ಟದ ಮೇಲೆ ಒಣಗಿಸಿಟ್ಟು ಸತ್ತ ಒಂದೇ ಒಂದು ಮೇಪಲ್ ಹಲಗೆ: ಒಂದು ಗೇಣು ಅಗಲ, ನಾಲ್ಕು ಬೆರಳು ದಪ್ಪ, ಮೈತುಂಬ ಬೆಂಕಿಯ ನಾಲಗೆಯಂಥ ಎಳೆ. ಅದರಲ್ಲಿ ತಂಬೂರಾ ಮಾಡಿಸುತ್ತೇನೆಂದು ಆತ ಇಬ್ಬರಿಗೂ ಬೇರೆಬೇರೆಯಾಗಿ ಮಾತು ಕೊಟ್ಟಿದ್ದನಂತೆ.

ಕೊನೆಗೆ ಪಾದ್ರಿಗಳು ಒಂದು ದಾರಿ ತೋರಿಸಿದ್ದರು. ಹಲಗೆಯನ್ನು ದಪ್ಪದಲ್ಲಿ ನಡುವೆ ಸೀಳಿದರೆ ಅದು ಪುಸ್ತಕದ ಹಾಗೆ ತೆರೆದುಕೊಳ್ಳುತ್ತದೆ, ಎರಡೂ ಮುಖಗಳಲ್ಲಿ ಒಂದೇ ಚಿತ್ತಾರ, ಇಬ್ಬರಿಗೂ ಒಂದೊಂದು. "ಕೂದಲೆಳೆ ಹೆಚ್ಚುಕಮ್ಮಿ ಆದ್ರೂ ನಾನು ಸುಮ್ಮನಿರಲ್ಲ ಬ್ಲಾಜ್" ಎಂದರು ಕಾತಾ ಅತ್ತೆ. ಮಾಂದಾ ಅತ್ತೆ ಒಲೆಯ ಕಡೆ ನೋಡುತ್ತಾ, "ಕೂದಲು ಯಾರ ತಲೆ ಮೇಲೆ ಉಳಿದಿದೆಯೋ ಅವರು ಅಳೀಲಿ" ಎಂದು ಒಲೆಗೆ ಹೇಳಿದರು.

ಆಗ ನಾನು, ಮಾನ್ಯರೇ, ತಮ್ಮ ಸಲಹಾ ಸಂಖ್ಯೆಗೆ ಫೋನು ಮಾಡಿದೆ. ನಲವತ್ತು ನಿಮಿಷ ಸಂಗೀತ ಕೇಳಿಸಿದಿರಿ. ಅದರಲ್ಲಿ ತಂಬೂರಾ ಇರಲಿಲ್ಲ ಎಂಬುದೊಂದೇ ಕೊರತೆ. ಆಮೇಲೆ ಜೇನಿನಂಥ ದನಿಯ ಒಬ್ಬರು, "ಗಟ್ಟಿ ಮರ, ನುಣ್ಣನೆಯ ಕೆಲಸ ಅಂದ್ರಲ್ಲ ಸಾರ್, ಹಾಗಾದ್ರೆ ಹಲ್ಲು ಜಾಸ್ತಿ ಇರೋದೇ ಬೇಕು" ಎಂದು, ಅಂಗುಲಕ್ಕೆ ಹದಿನಾಲ್ಕು ಹಲ್ಲಿನ, ನನ್ನ ಕಿರುಬೆರಳಿನಷ್ಟೂ ಅಗಲವಿಲ್ಲದ, ಚಿನ್ನದ ಬಣ್ಣದ ಪೆಟ್ಟಿಗೆಯ ಬ್ಲೇಡನ್ನು ಆರಿಸಿಕೊಟ್ಟರು. ಅಂಥ ಬ್ಲೇಡನ್ನು ನಾನು ಕಂಡಿರಲಿಲ್ಲ. ಕೊರಳಿಗೆ ಹಾಕಿಕೊಳ್ಳುವಂತಿತ್ತು.

ಗುರುವಾರ ಮಧ್ಯಾಹ್ನ ಅತ್ತೆಯರಿಬ್ಬರೂ ಮೆಷಿನ್ನಿನ ಎಡಕ್ಕೊಂದು ಬಲಕ್ಕೊಂದು ಕುರ್ಚಿ ಹಾಕಿಕೊಂಡು, ನ್ಯಾಯಾಲಯದಲ್ಲಿ ಕೂತವರಂತೆ ಕೂತರು. ಹಲಗೆಯನ್ನು ಅಂಚಿನ ಮೇಲೆ ನಿಲ್ಲಿಸಿ ತಳ್ಳಿದೆ. ತಮ್ಮ ಹದಿನಾಲ್ಕು ಹಲ್ಲುಗಳ ಸಂದಿಯಲ್ಲಿ ಮರದ ಪುಡಿ ಒಂದು ಚಿಟಿಕೆಯೂ ಹಿಡಿಯದೆ ಅಲ್ಲೇ ಗಿಡಿದುಕೊಂಡಿತು, ಬ್ಲೇಡು ಕಾಯಿತು, ಕಿರುಚಿತು, ಹೊಗೆ ಬಂತು, ರೂಝಾ ಅಡುಗೆಮನೆಯಿಂದ "ಏನ್ರೀ ಸುಡ್ತಿದೀರಾ?" ಎಂದು ಕೂಗಿದಳು. ಮೇಲೆ ನೋಡಿದರೆ ಗೆರೆ ನೇರವಾಗಿತ್ತು, ಒಳಗೆ ಬ್ಲೇಡು ಬಳುಕಿ ಎತ್ತಲೋ ಹೊರಟಿತ್ತು. ಒಂದು ಚೋಟು ಹೋಗಿ ನಿಲ್ಲಿಸಿ ಬಗ್ಗಿ ನೋಡಿದೆ: ಕಾತಾ ಅತ್ತೆಯ ಪಾಲು ಬಸುರಿಯ ಹೊಟ್ಟೆಯಂತೆ ಉಬ್ಬಿತ್ತು, ಮಾಂದಾ ಅತ್ತೆಯ ಪಾಲು ಉಪವಾಸದ ಹೊಟ್ಟೆಯಂತೆ ಒಳಗೆ ಹೋಗಿತ್ತು.

ಇಬ್ಬರೂ ಎದ್ದು ಬಂದು ಬಗ್ಗಿದರು. ಎರಡು ತಲೆ ಒಂದಕ್ಕೊಂದು ತಾಗಿದವು. ಆಮೇಲೆ ಎರಡು ಬಾಯಿಂದ ಒಟ್ಟಿಗೆ, ಅಕ್ಷರವೂ ಹಿಂದುಮುಂದಾಗದೆ ಒಂದೇ ಮಾತು ಬಂತು:

"ಅಪ್ಪನ ಹಲಗೆ ಹಾಳು ಮಾಡಿದೆಯಲ್ಲೋ, ಕತ್ತೆ!"

"ನೋಡೇ ಮಾಂದಾ, ಹೇಗೆ ಕೊರೆದಿದ್ದಾನೆ!" "ನೋಡಿದೆ ಅಕ್ಕ, ಇವನ ತಾತನೂ ಹೀಗೇ, ಅವನು ಮಾಡಿಕೊಟ್ಟ ನಮ್ಮ ಬಾಗಿಲು ಇವತ್ತಿಗೂ ಮುಚ್ಚಲ್ಲ!" ಎಂದು ಶುರುವಾದದ್ದು ಒಂದು ಗಂಟೆ ನಡೆಯಿತು. ಒಬ್ಬರು ಉಸಿರು ತೆಗೆದುಕೊಳ್ಳುವಾಗ ಇನ್ನೊಬ್ಬರು ಮುಂದುವರಿಸುತ್ತಿದ್ದರು. ನನ್ನ ಹುಟ್ಟು, ನನ್ನ ಮೀಸೆ, ನನ್ನ ಮದುವೆ ಎಲ್ಲದರ ವಿಚಾರಣೆಯೂ ಆಯಿತು. ನಡುವೆ ರೂಝಾ ತಂದಿಟ್ಟ ಪ್ಲಮ್ ಹಣ್ಣಿನ ರಾಕಿಯಾ ಸಾರಾಯಿಯನ್ನು ಕಾತಾ ಅತ್ತೆ ತಂಗಿಗೆ ಬಗ್ಗಿಸಿಕೊಟ್ಟರು, ತಂಗಿ ಕುಡಿದರು, ಇಬ್ಬರಿಗೂ ಅದು ಗೊತ್ತಾಗಲಿಲ್ಲ.

ನಾನು ಬ್ಲೇಡನ್ನು ಬಿಚ್ಚಿಕೊಂಡು ಹಿಂಬಾಗಿಲಿನಿಂದ ಜೂಕಾ ಮಾವನ ಮನೆಗೆ ಓಡಿದೆ. ಅವನು ತಮ್ಮ ಬ್ಲೇಡನ್ನು ಬೆಳಕಿಗೆ ಹಿಡಿದು, ಹೊಟ್ಟೆ ಹಿಡಿದುಕೊಂಡು ನಕ್ಕು, ನಾಲ್ಕೇ ಹಲ್ಲು ಉಳಿದಿರುವ ತನ್ನ ಬಾಯನ್ನು ಅಗಲವಾಗಿ ತೆರೆದು ತೋರಿಸಿದ. "ನೋಡಿಲ್ಲಿ. ಹಲ್ಲು ಕಮ್ಮಿ ಇದ್ರೆ ತುತ್ತಿಗೆ ಜಾಗ ಇರುತ್ತೆ. ಅಷ್ಟು ಎತ್ತರದ ಮರ ಸೀಳೋವಾಗ ಪುಡಿ ಹೊರಗೆ ಬರಬೇಕಲ್ಲೋ ಪೆದ್ದ! ಅಂಗುಲಕ್ಕೆ ಮೂರು ಹಲ್ಲು ಸಾಕು, ಸಂದಿ ಆಳ ಇರಲಿ. ಅಗಲ ಮಾತ್ರ ನಿನ್ನ ಮೆಷಿನ್ನು ತಡೆಯೋವಷ್ಟೂ ತಗೋ, ಆಗ ಬಳುಕಲ್ಲ. ಬಿಗಿಯಾಗಿ ಎಳೆದು ಕಟ್ಟು, ಆತುರಪಟ್ಟು ತಳ್ಳಬೇಡ." ಇಷ್ಟೇ, ಮಾನ್ಯರೇ. ನೂರಹನ್ನೆರಡು ಪುಟದ ವಿದ್ಯೆ ಇಷ್ಟರಲ್ಲಿ ಮುಗಿಯಿತು. ಗೋಡೆಗೆ ನೇತುಹಾಕಿದ್ದ ಬ್ಲೇಡಿನ ಸುರುಳಿಯಿಂದ ನನ್ನ ಮೆಷಿನ್ನಿನ ಅಳತೆಗೆ ಕತ್ತರಿಸಿ, ಬೆಸುಗೆ ಹಾಕಿ ಕೊಟ್ಟ.

ಹಲಗೆಯ ಕೆಟ್ಟ ತುದಿಯನ್ನು ಕೊಯ್ದು ಹಾಕಿದೆ; ಪುಣ್ಯಕ್ಕೆ ಉದ್ದ ಸಾಕಷ್ಟಿತ್ತು. ಈ ಸಲ ಬ್ಲೇಡು ಬೆಣ್ಣೆಯೊಳಗೆ ಹೋದಂತೆ ಹೋಯಿತು, ಪುಡಿ ದಪ್ಪದಪ್ಪಗೆ ಸುರಿಯಿತು. ಹಲಗೆ ತೆರೆದುಕೊಂಡಿತು. ಎರಡು ಕಡೆಯೂ ಅದೇ ಬೆಂಕಿ, ಅದೇ ನಾಲಗೆ. ಕಾತಾ ಅತ್ತೆ ಅಂಗೈಯಿಂದ ಮರವನ್ನು ಸವರಿ, "ನಿನ್ನದೇ ಚೆನ್ನಾಗಿದೆ" ಎಂದರು. "ಸುಳ್ಳು ಹೇಳಬೇಡ, ನಿನ್ನದು ಚೆನ್ನಾಗಿರೋದು. ಇದು ಅಷ್ಟು ಚೆನ್ನಾಗಿದ್ರೆ ಇದನ್ನೂ ನೀನೇ ತಗೋ." "ನಾನ್ಯಾಕೆ ತಗೊಳ್ಳಲಿ? ಯಾವಾಗಲೂ ನಿನ್ನದೇ ಹಟ!" ಎಂದು ಹೊಸ ಜಗಳ ಹತ್ತಿಕೊಂಡು, ಜಗಳವಾಡುತ್ತಲೇ ತೋಳಿಗೆ ತೋಳು ಸೇರಿಸಿ ಬೀದಿ ದಾಟಿ, ಒಂಬತ್ತು ವರ್ಷ ಅವರಲ್ಲೊಬ್ಬರು ಕಾಲಿಡದ ಮನೆಯೊಳಗೆ ಇಬ್ಬರೂ ಹೋದರು. ಹಲಗೆಗಳು ನನ್ನ ಮೇಜಿನ ಮೇಲೆಯೇ ಇದ್ದವು.

ಆದ್ದರಿಂದ, ಮಾನ್ಯರೇ, ನನ್ನ ದೂರು ಇದು: ತಾವು ಸರಿಯಾದ ಬ್ಲೇಡನ್ನೇ ಆರಿಸಿಕೊಟ್ಟಿದ್ದರೆ ಹಲಗೆ ಹತ್ತು ನಿಮಿಷದಲ್ಲಿ ಎರಡಾಗಿ, ಅಕ್ಕತಂಗಿಯರು ತಂತಮ್ಮ ಪಾಲು ಹೊತ್ತು ತಂತಮ್ಮ ಬಾಗಿಲು ಮುಚ್ಚಿಕೊಳ್ಳುತ್ತಿದ್ದರು. ಪಾದ್ರಿಗಳಿಗೂ ಬೆಕ್ಕುಗಳಿಗೂ ಆಗದ ಕೆಲಸವನ್ನು ತಮ್ಮ ಬ್ಲೇಡು ಒಂದು ಚೋಟು ದೂರದಲ್ಲಿ ಮುಗಿಸಿತು. ದಯವಿಟ್ಟು ಅದರ ತಯಾರಿಕೆಯನ್ನು ನಿಲ್ಲಿಸಬೇಡಿ. ಕ್ಯಾಟಲಾಗಿನಲ್ಲಿ ಮಾತ್ರ ಅದನ್ನು ಗಟ್ಟಿ ಮರದ ಪುಟದಿಂದ ತೆಗೆದು ಮುನಿಸಿಕೊಂಡ ಒಡಹುಟ್ಟಿದವರ ಪುಟಕ್ಕೆ ಸೇರಿಸಿ. ಮತ್ತು ಅದರಿಂದ ಬೈಗುಳ ತಿನ್ನಲು ಪ್ರತಿ ಊರಿಗೂ ಕಂಪನಿಯ ವತಿಯಿಂದ ಒಬ್ಬ ಅಧಿಕಾರಿಯನ್ನು ನೇಮಿಸಿ. ನಮ್ಮೂರಲ್ಲಿ ಆ ಹುದ್ದೆ ಸದ್ಯ ನನ್ನ ಬಳಿ ಇದೆ.

ತಮ್ಮ ಉತ್ತರಕ್ಕಾಗಿ ಸಂಗೀತವಿಲ್ಲದೆ ಕಾಯುತ್ತಿರುವ,

ತಮ್ಮ ವಿಶ್ವಾಸಿ,
ಬ್ಲಾಜ್ ತೊಮುರಾದ್

ಮರೆತ ಮಾತು: ಈ ಲಕೋಟೆಯನ್ನು ತೆರೆಯಲು ಯಾವ ಅಲಗು ಬಳಸಬೇಕೆಂದು ತಮ್ಮ ವಿಭಾಗದವರನ್ನು ಮಾತ್ರ ಕೇಳಬೇಡಿ. ಬೆರಳು ಸಾಕು.