ನಾಲ್ಕು ಗಂಟೆಯ ಬೈಂದೂರು

"ನಾಯಿಗ್ ಬೊಗಳುಕೆ ಯಾರಾರೂ ಲೈಸೆನ್ಸ್ ಕೊಡ್ತ್ರಾ? ಇವ್ನಿಗ್ ಕೊಟ್ಟಿರ್ ಕಾಣಿ!"

ಮಂಜಯ್ಯ ತನ್ನ ಹೋಟೆಲಿನ ಗಲ್ಲಾದಲ್ಲಿ ಕೂತೇ ಕೂಗಿದ. ಬೀಜಾಡಿಯ ಆ ಹೋಟೆಲಿನ ನಾಲ್ಕು ಬೆಂಚೂ ಭರ್ತಿಯಾಗಿದ್ದ ಹೊತ್ತು. ಬಾಯಲ್ಲಿ ಬನ್ಸ್ ಇದ್ದವರು ಬನ್ಸ್ ಸಮೇತ ನಕ್ಕರು. ನಡುವೆ ಫೋನು ಹಿಡಿದು ನಿಂತ ದೇವುವಿನ ಮುಖ ಒಣಮೆಣಸಿನ ಹಾಗೆ ಕೆಂಪಾಯಿತು.

ತಪ್ಪು ಅವನದೇ. ಸಂತೋಷ ತಡೆಯಲಾಗದೆ ಫೋನಿಗೆ ಬಂದ ಪರವಾನಗಿಯನ್ನು ಮಂಜಯ್ಯನಿಗೆ ತೋರಿಸಿದ್ದ. ಹವ್ಯಾಸಿ ರೇಡಿಯೋದವರಿಗೆ ಸರ್ಕಾರ ಕೊಡುವ ಪರವಾನಗಿ ಅದು. ಪರೀಕ್ಷೆಗೆ ಮೂರು ಸಲ ಕೂತು, ಎರಡು ಸಲ ಬಿದ್ದು, ಕೊನೆಗೂ ದೇವುವಿಗೆ ವಿ.ಎಚ್.ಎಫ್. ಬ್ಯಾಂಡಿನಲ್ಲಿ ಮಾತಾಡುವ ಹಕ್ಕು ಸಿಕ್ಕಿತ್ತು.

"ಎಂಟನೇ ಕ್ಲಾಸಿಗೆ ಶಾಲಿ ಬಿಟ್ಟವ. ಮಿಕ್ಸಿ ರಿಪೇರಿ ಮಾಡ್ಕಂಡ್ ಸುಮ್ನೆ ಇಪ್ಪುಕಾತಿಲ್ಯಾ?" ಮಂಜಯ್ಯ ಮುಂದುವರಿಸಿದ. "ಮಾತಾಡುಕೆ ಫೋನ್ ಇಲ್ಲೆಯಾ ನಿಂಗೆ?"

ಶಾಲೆ ಬಿಟ್ಟವನ ಬಗ್ಗೆ ಮಾತಾಡಲು ಮಾತ್ರ ಈ ಊರಲ್ಲಿ ಯಾರಿಗೂ ಲೈಸೆನ್ಸ್ ಬೇಕಾಗಿಲ್ಲ. ದೇವು ಹಲ್ಲು ಕಚ್ಚಿ, ಕಟ್ಟಿಸಿಕೊಂಡ ಚಟ್ನಿಯ ಪೊಟ್ಟಣ ಕಿಸೆಗೆ ತುರುಕಿ, ಸಾಲಿಗ್ರಾಮದ ಬಸ್ಸು ಹತ್ತಿದ. ಅವನಿಗೆ ಜಗಳಕ್ಕೆ ಪುರುಸೊತ್ತಿರಲಿಲ್ಲ. ಸಂಜೆ ನಾಲ್ಕಕ್ಕೆ ಬೈಂದೂರಿಗೆ ಉತ್ತರ ಕೊಡಬೇಕಿತ್ತು.

ಬೈಂದೂರು ಅಂದರೆ ವಿನಯಾ. ಅವಳ ಮುಖ ಅವನು ಕಂಡವನಲ್ಲ. ಎಂಟು ತಿಂಗಳಿಂದ ದಿನಾ ನಾಲ್ಕು ಗಂಟೆಗೆ ಅವಳ ದನಿ ಬರುತ್ತಿತ್ತು. "ಯಾರಾರೂ ಇದ್ರ್ಯಾ? ನಾನ್ ವಿನಯಾ, ಬೈಂದೂರಿಂದ." ಯಾರೂ ಓಗೊಡುತ್ತಿರಲಿಲ್ಲ. ಈ ಬ್ಯಾಂಡಿನ ಅಲೆಗಳು ನೆಟ್ಟಗೆ ಹೋಗುವಂಥವು, ಗುಡ್ಡ ಅಡ್ಡ ಬಂದರೆ ಅಲ್ಲೇ ನಿಲ್ಲುವಂಥವು. ಸಾಲಿಗ್ರಾಮ, ಬ್ರಹ್ಮಾವರದ ರೇಡಿಯೋದವರ ತನಕ ಅವಳ ದನಿ ಮುಟ್ಟುತ್ತಿರಲಿಲ್ಲ. ಅವಳನ್ನು ಕೇಳುತ್ತಿದ್ದವನು ಇಡೀ ಪ್ರಪಂಚದಲ್ಲಿ ಒಬ್ಬನೇ, ಬೀಜಾಡಿಯ ದೇವು. ಅವನಿಗೋ ಮಾತಾಡುವ ಹಕ್ಕಿರಲಿಲ್ಲ.

ಉತ್ತರ ಬರದಿದ್ದರೂ ಅವಳು ನಿಲ್ಲಿಸುತ್ತಿರಲಿಲ್ಲ. ಹೋದ ರೈಲು ಎಷ್ಟು ತಡವಾಯಿತು, ಅಪ್ಪಯ್ಯ ಯಾಕೆ ಬೈದ, ಎಲ್ಲ ಹೇಳಿ ಕೊನೆಗೆ ಒಂದು ಪ್ರಶ್ನೆ ಕೇಳುತ್ತಿದ್ದಳು: "ಇಲ್ಲಿ ಕಡಲ್ ಇವತ್ತ್ ಕಪ್ಪಿತ್ತ್. ನಿಮ್ಮಲ್ಲಿ ಹ್ಯಾಂಗಿತ್ತ್? ಓವರ್." ಓವರ್ ಅಂದರೆ ನನ್ನದು ಮುಗಿಯಿತು, ಈಗ ನಿಮ್ಮ ಸರದಿ. ದೇವು ಅಂಗಳ ದಾಟಿ ಓಡಿಹೋಗಿ ಕಡಲು ನೋಡಿ ಬರುತ್ತಿದ್ದ. ಬಂದು, ಮೈಕಿಲ್ಲದ ಸೆಟ್ಟಿಗೆ ಉತ್ತರ ಹೇಳುತ್ತಿದ್ದ: "ನಮ್ಮಲ್ಲೂ ಕಪ್ಪೇ."

ನಿನ್ನೆ ಅವಳು ಹೇಳಿದ್ದಳು: "ನಾಳೆ ಕಡೀ ಸಲ ಕರಿತೆ. ಯಾರೂ ಮಾತಾಡ್ದಿರೆ ಏಂಟೆನಾ ಇಳ್ಸತೆ. ಅಪ್ಪಯ್ಯಂಗೆ ಆ ಕಂಬ ಬಲೆ ಒಣ್ಸುಕೆ ಬೇಕಂಬ್ರ್."

ಸಾಲಿಗ್ರಾಮದ ರವಿಚಂದ್ರ ಹೊಳ್ಳರು ಹಳೆಯ ರೇಡಿಯೋದವರು. ದೇವುವಿಗೆ ಪಾಠ ಹೇಳಿಕೊಟ್ಟವರು, ತಮ್ಮ ಹಳೆಯ ಸೆಟ್ಟನ್ನು ಕೊಟ್ಟವರು. ಮೈಕನ್ನು ಮಾತ್ರ ಲೈಸೆನ್ಸ್ ಬರುವ ತನಕ ತಮ್ಮ ಕಪಾಟಿನಲ್ಲಿ ಬೀಗ ಹಾಕಿ ಇಟ್ಟವರು. ಇವತ್ತು ಪರವಾನಗಿಯನ್ನು ಎರಡೆರಡು ಸಲ ಓದಿ, ಮೈಕು ತೆಗೆದುಕೊಟ್ಟರು.

"ಕಾಣ್ ಮಾಣಿ, ಈ ಗುಂಡಿ ಒತ್ತಿರೆ ನೀನ್ ಕೆಪ್ಪ, ಬಿಟ್ರೆ ನೀನ್ ಮೂಗ. ಎರಡೂ ಒಟ್ಟಿಗೆ ಆತಿಲ್ಲೆ. ಮೊದ್ಲ್ ಕೇಣ್, ಕಡಿಗ್ ಬಾಯಿ ಬಿಡ್."

"ಗೊತ್ತಿತ್ತ್ ಮಾಷ್ಟ್ರೆ," ಅನ್ನುತ್ತಾ ದೇವು ಆಗಲೇ ಗೇಟು ದಾಟಿದ್ದ.

ಕೇಳಲು ಮನೆಯ ಮಾಡಿನ ಮೇಲಿದ್ದ ತಂತಿ ಸಾಕಿತ್ತು. ಮಾತು ಬೈಂದೂರು ಮುಟ್ಟಬೇಕಾದರೆ ಏಂಟೆನಾ ತೆಂಗಿನ ಮರದ ತುದಿಗೆ ಏರಬೇಕು. ಏರಿದ ಮೇಲೆ ಅದರ ಉದ್ದ ಸರಿಮಾಡಬೇಕು. ಸರಿಮಾಡುವಾಗ ಕೆಳಗೆ ಮೈಕಿನ ಗುಂಡಿ ಒತ್ತಿಯೇ ಇರಬೇಕು, ಮೀಟರಿನ ಮುಳ್ಳು ಒಂದರ ಹತ್ತಿರ ಇಳಿಯುವುದನ್ನು ನೋಡಲು. ದೇವುವಿಗೆ ಇದ್ದದ್ದು ಎರಡೇ ಕೈ, ಅವೆರಡೂ ಮರಕ್ಕೆ ಬೇಕು. ಅವನು ಚಟ್ನಿ ಪೊಟ್ಟಣದ ರಬ್ಬರ್ ಬಿಚ್ಚಿ ಮೈಕಿಗೆ ನಾಲ್ಕು ಸುತ್ತು ಸುತ್ತಿದ. ಮಂಜಯ್ಯನ ಹೋಟೆಲಿನಲ್ಲಿ ಚಟ್ನಿ ನೀರಾದರೂ ರಬ್ಬರ್ ಗಟ್ಟಿ. ಗುಂಡಿ ಒಳಗೆ ಹೋಗಿ ಕೂತಿತು. ಜಗಲಿಯಲ್ಲಿಟ್ಟ ಸೆಟ್ಟಿನ ಮೇಲೆ ಸಣ್ಣ ಕೆಂಪು ದೀಪ ಹತ್ತಿತು.

ಮರದ ಕೆಳಗೆ ಮೀಟರು ಹಿಡಿಯಲು ಗೆಳೆಯ ತಿಮ್ಮ ನಿಂತ.

"ಮುಳ್ಳ್ ಎಲ್ಲಿತ್ತಾ?"

"ಮೂರ್ರಲ್ಲಿತ್ತ್!"

"ಈಗ?"

"ಒಂದೂವರಿ! ಸಾಕಾ, ಇಳಿ!"

ಇಳಿಯುವ ಅಗತ್ಯ ಬೀಳಲಿಲ್ಲ. ಕೆಂಜಿರುವೆಯ ಒಂದಿಡೀ ಸಂಸಾರ ಅವನ ಲುಂಗಿಯೊಳಗೆ ಗೃಹಪ್ರವೇಶ ಮಾಡಿತ್ತು. ದೇವು ಜಾರಿಕೊಂಡೇ ಬಂದ, ಎದೆಯ ಚರ್ಮವನ್ನು ಅಲ್ಲಲ್ಲಿ ಮರಕ್ಕೆ ಬಿಟ್ಟು. ನೆಟ್ಟಗೆ ಬಾವಿಕಟ್ಟೆಗೆ ಓಡಿ ನಾಲ್ಕು ಕೊಡ ನೀರು ಹೊಯ್ದುಕೊಂಡ. ಆ ಉರಿಯಲ್ಲಿ ಅವನಿಗೆ ತನ್ನ ಹೆಸರೂ ಮರೆತಿತ್ತು.

ಒದ್ದೆ ಬಟ್ಟೆಯಲ್ಲಿ ಜಗಲಿಗೆ ಬಂದರೆ, ಪಕ್ಕದ ಮನೆಯ ಪ್ರಭಾವತಕ್ಕ ಸೆಟ್ಟಿಗೆ ಪೂಜೆ ಮುಗಿಸಿ ಊದುಬತ್ತಿ ನೆಡುತ್ತಿದ್ದಳು. ಕುಂಕುಮ, ಗಂಧ, ಅಬ್ಬಲಿಗೆಯ ದಂಡೆ. ಮೈಕು ಹೂವಿನ ರಾಶಿಯಡಿ ಎಲ್ಲಿತ್ತೋ ಕಾಣುತ್ತಿರಲಿಲ್ಲ.

"ಹೊಸ ಸಾಮಾನ್ ಅಲ್ದಾ, ಹಾಂಗೇ ಸುರು ಮಾಡುಕಾಗ," ಅಂದಳು.

ಮೂರು ಮುಕ್ಕಾಲು. ದೇವು ಸೆಟ್ಟಿನ ಮುಂದೆ ಚಕ್ಕಳಮಕ್ಕಳ ಹಾಕಿ ಕೂತ. ಮೊದಲು ಕೇಳು, ಆಮೇಲೆ ಬಾಯಿ ಬಿಡು. ಅವನು ಹೂವಿಗೆ ಕೈಯನ್ನೂ ಹಾಕಲಿಲ್ಲ. ಕಿವಿ ಮಾತ್ರ ಬೆಳೆದು ಹೆಡಗೆಯಷ್ಟಾಯಿತು.

ನಾಲ್ಕಾಯಿತು. ಸೆಟ್ಟು ಉಸಿರೆತ್ತಲಿಲ್ಲ.

ನಾಲ್ಕು ಗಂಟೆ ಐದು ನಿಮಿಷ. ಅಷ್ಟರಲ್ಲಿ, ತಿಮ್ಮ ಹೋಗಿ ಸುದ್ದಿ ಹಬ್ಬಿಸಿದ್ದಕ್ಕೆ, ಮಂಜಯ್ಯ ಹೋಟೆಲಿನ ಅರ್ಧ ಗಿರಾಕಿಗಳನ್ನು ಕರೆದುಕೊಂಡು ಬಂದೇಬಿಟ್ಟ. ಬಂದವರು ಜಗಲಿಯ ತುಂಬ ಕೂತರು. ಮಾತಿಗೇನು ಬರ? ಮಂಜಯ್ಯ ತನ್ನ ಬ್ರಹ್ಮಾವರದ ಬೀಗರ ಜಿಪುಣತನ ವರ್ಣಿಸಿದ. ಅವನು ವೀಳ್ಯ ಉಗುಳಲು ಎದ್ದು ಹೋದಾಗ ಪ್ರಭಾವತಕ್ಕ ಅವನ ಗೋಳಿಬಜೆಯ ಹಿಟ್ಟಿನ ವಯಸ್ಸು ವರ್ಣಿಸಿದಳು.

"ಸುಮ್ನಿರಿ ಒಂಚೂರ್!" ದೇವು ಕೈ ಮುಗಿದ. ಸೆಟ್ಟಿನ ಮೇಲೆ ಕೈಯಿಟ್ಟು ನೋಡಿದ. ಕಾವಲಿಯ ಹಾಗೆ ಸುಡುತ್ತಿತ್ತು. ಬಿಸಿಲಿಗೆ ಇರಬೇಕು ಅಂದುಕೊಂಡ.

ನಾಲ್ಕೂಕಾಲು. ಅವಳು ಕರೆಯಲಿಲ್ಲ. ಕಂಬ ಇಳಿಸಿಯೇ ಬಿಟ್ಟಳೇ? ಒಂದು ದಿನ ಮೊದಲು ಲೈಸೆನ್ಸ್ ಬಂದಿದ್ದರೆ! ಎಂಟು ತಿಂಗಳು ಬಾಯಲ್ಲೇ ತಿರುಗಿಸಿ ನುಣ್ಣಗೆ ಮಾಡಿಟ್ಟ ಒಂದೇ ಒಂದು ವಾಕ್ಯ, ಇನ್ನು ಯಾರಿಗೆ ಹೇಳುವುದು? ಕಣ್ಣಂಚು ಒದ್ದೆಯಾಯಿತು.

ಅದನ್ನು ಪ್ರಭಾವತಕ್ಕ ಕಂಡುಬಿಟ್ಟಳು. "ದಿನಾ ನಾಲ್ಕ್ ಗಂಟಿಗೆ ಇಂವ ಒಬ್ನೇ ಮಾತಾಡುದ್ ನಂಗೆ ಗ್ವಾಡಿ ಆಚೆ ಕೇಂತಿತ್ತ್. ಬೈಂದೂರ್ ಹೆಣ್ಣೊಂದ್ ಇತ್ತ್ ಅದ್ರೊಳ್ಗೆ."

"ಹೋ!" ಮಂಜಯ್ಯ ತೊಡೆ ತಟ್ಟಿದ. "ಲೈಸೆನ್ಸ್ ಹೆಣ್ ಕಾಂಬುಕಾ? ಮುಖ ಕಾಣ್ದೆ ಬರೀ ದನಿಗ್ ಬಿದ್ಯನಾ ಹುಚ್ಚ? ಕಾಣಿ ಕಾಣಿ, ಕಣ್ಣೀರ್! ಮರ್ಕತಾ ಇದ್ದ!"

ಜಗಲಿಗೆ ಜಗಲಿಯೇ ನಕ್ಕಿತು. ಬೆಳಿಗ್ಗೆಯಿಂದ ನುಂಗಿದ್ದೆಲ್ಲ ಒಮ್ಮೆಗೇ ಮೇಲೆ ಬಂತು. ದೇವು ಎದ್ದು ನಿಂತು ಅರಚಿದ:

"ಹೆಣ್ಣಾ? ಯಾರಿಗ್ ಬೇಕಾ ಆ ಬೈಂದೂರ್ ವಿನಯಾ? ಎಣ್ಣಿ ಇಲ್ದಿದ್ ಬಾವಿ ರಾಟಿ ಕಣೆಗೆ ದಿನಾ ಕಿರ್‌ರ್ ಅಂತ್! ಅದ್ರ ದನಿ ಕೇಂಡ್ ಕೇಂಡ್ ನನ್ ಕೆಮಿ ತೂತಾಯ್ತ್! ಏಂಟೆನಾ ಇಳ್ಸಿರೆ ಊರಿಗೇ ಒಳ್ಳೇದ್. ನಂಗ್ ಸೆಟ್ ಟೆಸ್ಟ್ ಮಾಡುಕಿದ್ದಿತ್, ಅಷ್ಟೇ!"

ಗೆದ್ದೆ ಅನ್ನಿಸಿತು ಅವನಿಗೆ. ಆ ರಭಸದಲ್ಲೇ ಮೈಕು ಕಿತ್ತಿಡಲು ಹೂವಿನ ರಾಶಿಗೆ ಕೈ ಹಾಕಿದ.

ಬೆರಳಿಗೆ ರಬ್ಬರ್ ಸಿಕ್ಕಿತು.

ದೇವು ಸೆಟ್ಟಿನ ಕಡೆ ಬಾಗಿದ. ಕುಂಕುಮದ ಬೊಟ್ಟನ್ನು ಹೆಬ್ಬೆರಳಿನಿಂದ ಒರೆಸಿದ. ಅಡಿಯಲ್ಲಿ ಕೆಂಪು ದೀಪ ನಿಗಿನಿಗಿ ಉರಿಯುತ್ತಿತ್ತು.

"ಅಲ್ಲೊಂದ್ ಕೆಂಪ್ ಬೊಟ್ಟ್ ಮೊದ್ಲೇ ಇದ್ದಿತ್," ಪ್ರಭಾವತಕ್ಕ ಅಂದಳು. "ಸಣ್ಣದಾಯ್ತಂದೇಳಿ ನಾನ್ ದೊಡ್ಡದ್ ಮಾಡ್ದೆ."

ರಬ್ಬರ್ ಟಪ್ಪೆಂದು ಹರಿಯಿತು. ಸೆಟ್ಟಿಗೆ ಜೀವ ಬಂತು. ಮೊದಲು ಬಂದದ್ದು ಹೊಳ್ಳರ ದನಿ:

"...ಗುಂಡಿ ಬಿಡಾ ಮಾರಾಯ! ಆಗ್ಳಿಂದ ನಿಮ್ ಜಗಲಿ ಸುದ್ದಿ ಪೂರಾ ಬ್ರಹ್ಮಾವರ ತನ್ಕ ಕೇಂತಾ ಇತ್ತ್! ಆ ಗೋಳಿಬಜೆ ಇನ್ ನಾ ಮುಟ್ಟುದಿಲ್ಲೆ! ಓವರ್."

ಮಂಜಯ್ಯ ಕಣ್ಣರಳಿಸಿದ. "ಬ್ರಹ್ಮಾವರ ತನ್ಕವಾ? ನನ್ ದನಿಯಾ?" ಅವನ ಎದೆ ಉಬ್ಬಿದ್ದನ್ನು ನೋಡಿದರೆ ಬೀಗರ ವಿಷಯ ಇನ್ನೂ ತಲೆಗೆ ಹೋದಂತಿರಲಿಲ್ಲ.

ಆಮೇಲೆ ಕೊಂಚ ಹೊತ್ತು ಬರೀ ಗರಗರ. ಮತ್ತೆ ಆ ದನಿ. ಎಂಟು ತಿಂಗಳಲ್ಲಿ ಮೊದಲ ಸಲ ಅದು ಅವನನ್ನೇ ಕರೆಯಿತು.

"ಬೀಜಾಡಿ, ನಾನ್ ವಿನಯಾ. ನಾಲ್ಕ್ ಗಂಟಿಗೆ ಕರ್ದೆ, ನೀವ್ ಬಿಡ್ಲಿಲ್ಲೆ. ಎಲ್ಲಾ ಕೇಂಡೆ, ನಿಮ್ಮೂರ್ ಹೆಸ್ರೂ. ರಾಟಿ ಅಂದ್ರಿ, ಅಡ್ಡಿಲ್ಲೆ. ಇಷ್ಟ್ ದಿನ ಒಬ್ರಾರೂ ಕೇಂತಿದ್ರಲೆ, ನಂಗ್ ಅದೇ ಗೊತ್ತಿರ್ಲಿಲ್ಲೆ. ಅಪ್ಪಯ್ಯ ಕಂಬದ್ ಬುಡಕ್ಕೆ ಬಂದ್ ನಿಂತಿದ್ರ್. ಅದನ್ನ್ ಇಳ್ಸುಕೂ ಮುಂಚೆ ಒಂದ್ ಹೇಳಿ. ನಿಮ್ಮಲ್ಲಿ ಕಡಲ್ ಹ್ಯಾಂಗಿತ್ತ್? ಓವರ್."

ಮೈಕು ಕೈಯಲ್ಲಿತ್ತು. ಪರವಾನಗಿ ಫೋನಿನಲ್ಲಿತ್ತು. ಸುತ್ತ ಹನ್ನೆರಡು ಮುಖಗಳು ಬಾಯಿ ತೆರೆದು ಅವನ ಬಾಯಿಯನ್ನೇ ನೋಡುತ್ತಿದ್ದವು. ಸಾಲಿಗ್ರಾಮದಲ್ಲಿ, ಬ್ರಹ್ಮಾವರದಲ್ಲಿ ಇನ್ನೆಷ್ಟು ಕಿವಿಗಳೋ.

"ಮಾತಾಡಾ! ಲೈಸೆನ್ಸ್ ಇತ್ತಲೆ ನಿಂಗೆ!" ಮಂಜಯ್ಯ ತಿವಿದ.

ದೇವುವಿನ ಹೆಬ್ಬೆರಳು ಗುಂಡಿಯ ಮೇಲೆ ಬಂತು. ಒತ್ತಲಿಲ್ಲ. ಅವನು ಮೈಕನ್ನು ಮೆಲ್ಲ ಹೂವಿನ ಮೇಲೆ ಮಲಗಿಸಿ ಜಗಲಿ ಇಳಿದ.

ಹಿಂದಿನಿಂದ ಮಂಜಯ್ಯ ಮೈಕು ಎತ್ತಿಕೊಂಡು ಕೂಗಿದ್ದು ಕೇಳಿಸಿತು. "ಹಲೋ, ಬೈಂದೂರಾ? ನಾನ್ ಮಂಜಯ್ಯ, ಹೋಟ್ಲಿನ್ ಮಂಜಯ್ಯ... ಹ್ವಾಯ್ ದೇವು! ಅದ್ ಕೇಂತಾ ಇತ್ತಲಾ, ಕಡಲ್ ಹ್ಯಾಂಗಿತ್ತಂಬ್ರ್?"

ದೇವು ಅಂಗಳ ದಾಟಿದ್ದ. ಗಾಳಿಮರದ ಸಾಲಿನಾಚೆ ಕಡಲು, ಕರಿಮೋಡದಡಿ ಒಂದೇ ಒಂದು ಪಟ್ಟಿ ಬಿಸಿಲು ಬಿದ್ದು, ಅವನು ಈ ತನಕ ಕಾಣದ ಬಣ್ಣದಲ್ಲಿತ್ತು. ಅವಳ ದನಿಯನ್ನು ರಾಟಿ ಅಂದ ಬಾಯಲ್ಲಿ ಆ ಬಣ್ಣ ಹೇಳಲಾರದೆ, ಅವನು ತಿರುಗದೆ ಅದರ ಕಡೆಗೇ ನಡೆದ.