ಒಂಬತ್ತು ವರ, ಒಬ್ಬಳು ಮಗಳು

ನಮ್ಮ ಸಭೆಯಲ್ಲಿ ಇಂಥವು ಆಗುತ್ತಲೇ ಇರುತ್ತವೆ. ಆದಾಗ ಯಾರೂ ನಗುವುದಿಲ್ಲ. ಮನೆಗೆ ಬಂದು ರೊಟ್ಟಿ ಮುರಿಯುವಾಗ ನಗು ಬರುತ್ತದೆ, ಕೈ ತೊಳೆಯುವ ಹೊತ್ತಿಗೆ ಹೊಟ್ಟೆ ಉರಿಯುತ್ತದೆ.

ನಾನು ಬೈಲಹೊಂಗಲದ ಹತ್ತಿರದ ಹಳ್ಳಿಯವನು. ಊರ ಸಾಲಿಯಲ್ಲಿ ಕಲಿತಷ್ಟೇ ಓದು. ಬೈಬಲ್ ಓದಲು ಅದು ಸಾಕು. ಹೊಸ ಪಾಸ್ಟರು ಬಂದಮೇಲೆ ನಮಗೆ ಪ್ರತಿ ಭಾನುವಾರ ಒಂದೇ ಪಾಠ: ಆತ್ಮಿಕ ವರಗಳು. ಪವಿತ್ರಾತ್ಮನು ವಿಶ್ವಾಸಿಗಳಿಗೆ ಕೊಡುವ ವರಗಳು ಒಂಬತ್ತು. ರೋಗ ವಾಸಿ ಮಾಡುವುದು, ಪ್ರವಾದನೆ ನುಡಿಯುವುದು, ಕಲಿಯದ ಅನ್ಯಭಾಷೆ ಆಡುವುದು, ಅದರ ಅರ್ಥ ಹೇಳುವುದು, ಹೀಗೆ. ಇವನ್ನು ನಾನೂ ನಂಬುತ್ತೇನೆ. ಕೊಡುವವನ ಮೇಲೆ ನನ್ನದೇನೂ ತಕರಾರಿಲ್ಲ. ತಕರಾರು ಇರುವುದು ನಡುವೆ ನಿಂತು ಹಂಚುವವರ ಮೇಲೆ.

ಅದಕ್ಕೆ ಕಾರಣವೂ ಇದೆ. ನನ್ನ ಮಗಳಿಗೆ ಯರಗಟ್ಟಿಯ ವಿಶ್ವಾಸಿ ಮನೆತನವೊಂದರಿಂದ ಮಾತು ಬಂದಿತ್ತು. ಹುಡುಗ ಒಳ್ಳೆಯವನು. ಹುಡುಗನ ತಂದೆ ಮಾತ್ರ ಒಂದು ಕರಾರು ಹಾಕಿದರು: "ಸೊಸಿ ಆದಾಕಿ ಅನ್ಯಭಾಷಾ ಆಡಬೇಕ್ರಿ. ವರ ಇಲ್ಲದ ಹುಡುಗಿ ನಮ್ಮ ಮನಿಗೆ ನಡಿಯಂಗಿಲ್ಲ."

ನನ್ನ ಮಗಳಿಗೆ ಬರುತ್ತಿದ್ದುದು ಕನ್ನಡ ಒಂದೇ. ಹೀಗಾಗಿ ಅಪ್ಪ ಮಗಳು ಇಬ್ಬರೂ ಶಿಬಿರಗಳಿಗೆ ಓಡಾಡತೊಡಗಿದೆವು.

ಬಾಳಿಕೆ ಬರುವಂಥದು

ಬೈಲಹೊಂಗಲದಲ್ಲಿ ಹಾಲ್ ಹಿಡಿದು, ಬಾಗಿಲಿಗೆ "ವರಗಳ ಶಿಬಿರ, ಎಲ್ಲರಿಗೂ ಸ್ವಾಗತ" ಎಂದು ಬ್ಯಾನರ್ ಕಟ್ಟಿದ್ದರು. ಪಾಸ್ಟರು ಮತ್ತು ನಾನು ಬಾಗಿಲಲ್ಲಿ ನಿಂತಿದ್ದೆವು. ಸವದತ್ತಿ ಕಡೆಯ ಒಬ್ಬ ಒಕ್ಕಲಗಿತ್ತಿ, ಹಣೆತುಂಬ ವಿಭೂತಿ, ಕೈಯಲ್ಲೊಂದು ಲಕೋಟೆ ಹಿಡಿದು ಬಂದಳು.

"ವರಾ ಇಲ್ಲೇ ಕೊಡತಾರೇನ್ರಿ?"

ಪಾಸ್ಟರು ಅರಳಿಹೋದರು. "ಇಲ್ಲೇ ರೀ ತಾಯಿ. ಒಂಬತ್ತ ಅದಾವ."

"ಒಂಬತ್ತ! ನಮಗ ಒಂದ ಸಾಕ್ರಿ. ಬಾಳಿಕಿ ಬರೂವಂಥದ ನೋಡಿ ಕೊಡ್ರಿ."

"ಅದು ನಮ್ಮ ಕೈಯಾಗ ಇಲ್ಲರಿ. ಯಾರಿಗೆ ಯಾವುದು ಅಂತ ಆತ್ಮನ ನಿರ್ಣಯ ಮಾಡತಾನ. ಒಬ್ಬೊಬ್ಬರಿಗೆ ಎರಡು ಮೂರು ಸಿಕ್ಕಾವರಿ."

ಆಕೆ ಲಕೋಟೆಯಿಂದ ಅರ್ಧ ತೆಗೆದಿದ್ದ ಮಗಳ ಫೋಟೋವನ್ನು ಗಬಕ್ಕನೆ ಒಳಗೆ ತುರುಕಿದಳು. "ಎಪ್ಪಾ! ಒಂದ ಹುಡುಗಿಗೆ ಮೂರ? ಮರ್ಯಾದಸ್ಥರ ಮನಿ ರೀ ನಮ್ಮದು!" ಎಂದವಳೇ ತಿರುಗಿ ನೋಡದೆ ನಡೆದಳು.

ಪಾಸ್ಟರಿಗೆ ಇನ್ನೂ ತಿಳಿದಿರಲಿಲ್ಲ. "ಹೃದಯ ಕಠಿಣ ಐತಿ ಆ ತಾಯಿದು" ಎಂದರು.

ಪಾಯ

ಅದೇ ಶಿಬಿರದಲ್ಲಿ ಅನ್ಯಭಾಷೆಯನ್ನು ನಮಗೆ ಮಗ್ಗಿ ಕಲಿಸಿದಂತೆ ಕಲಿಸಿದರು. "ನಾಲಿಗಿ ಸಡಲ ಬಿಡ್ರಿ. ಹಲ್ಲೆಲೂಯ ಅಂತ ಜಲ್ದಿ ಜಲ್ದಿ ಅನ್ರಿ. ತಾನ ಬರತೈತಿ." ಮಗಳು ನನ್ನ ಕಿವಿಯಲ್ಲಿ, "ಅಪ್ಪಾ, ದೇವರ ಕೊಡೂದಾದರ ಇವರು ಕಲಸೂದ ಯಾಕ?" ಎಂದಳು. "ಸುಮ್ಮನ ಅನ್ನವಾ" ಎಂದೆ.

ಎಲ್ಲರೂ ಎದ್ದು ಕುಣಿಯುತ್ತಿದ್ದಾಗ ನಡುವಿನಿಂದ ಒಬ್ಬ ಹೆಂಗಸು ಚೀರಿದಳು: "ಪಾಯ! ಪಾಯ ಸೋಡಾ! ಮಾಝಾ ಪಾಯ!"

ಹಾಲ್ ಗಪ್ಪಾಯಿತು. ಅರ್ಥ ಹೇಳುವ ವರ ಪಡೆದ ಹಿರಿಯರೊಬ್ಬರು ಆಕೆಯ ಪಕ್ಕದಲ್ಲೇ ಇದ್ದರು. ಕಣ್ಣು ಮುಚ್ಚಿ ಕೈ ಎತ್ತಿದರು. "ಕರ್ತನು ಹೇಳತಾನ: ಪಾಯಾ ಹಾಕ್ರಿ! ನನ್ನ ಹೊಸ ಆಲಯಕ್ಕ ಪಾಯಾ ಹಾಕ್ರಿ!" ಜನ ಆಮೆನ್ ಎಂದು ಕೂಗಿದರು.

ಆಕೆ ಸಾಂಗ್ಲಿ ಕಡೆಯಿಂದ ಬಂದ ಸೊಸೆ. ಗಾಬರಿಯಲ್ಲಿ ತವರಿನ ಮರಾಠಿ ಬಾಯಿಗೆ ಬಂದಿತ್ತು. ಮರಾಠಿಯಲ್ಲಿ ಪಾಯ ಎಂದರೆ ಕಾಲು, ಸೋಡಾ ಎಂದರೆ ಬಿಡಿ. ಈಗ ಕನ್ನಡದಲ್ಲೇ ಹೇಳಿದಳು: "ದೇವರ ಪಾಯಾ ಆಮ್ಯಾಲ ಹಾಕ್ರೆಪಾ, ಮೊದಲ ನನ್ನ ಕಾಲಮ್ಯಾಲಿಂದ ಇಳೀರಿ!"

ಏಳದ ಅಜ್ಜ

ಕಿತ್ತೂರಿನ ಕೂಟಕ್ಕೆ ದೂರದ ಊರಿನ ಬೋಧಕರೊಬ್ಬರು ಬಂದಿದ್ದರು. ಗುಪ್ತವಾದದ್ದು ಅವರಿಗೆ ಕಾಣುತ್ತದಂತೆ. "ಇಲ್ಲಿ ಯಾರಿಗೋ ಟೊಂಕನೋವು ಇದೆ ಎಂದು ಆತ್ಮ ತೋರಿಸುತ್ತಿದ್ದಾನೆ. ಎದ್ದು ನಿಲ್ಲಿ!" ಎಂದರು. ಹತ್ತಿ ಬಿಡಿಸುವ ದಿನಗಳು. ಬಗ್ಗಿ ಬಗ್ಗಿ ದುಡಿದ ಮಂದಿ. ಇಡೀ ಕೂಟವೇ ಎದ್ದು ನಿಂತಿತು.

ಮೂಲೆಯಲ್ಲಿ ಒಬ್ಬ ಅಜ್ಜ ಮಾತ್ರ ಕೂತೇ ಇದ್ದ. "ಅಜ್ಜಾ, ನಿಮಗೊಬ್ಬರಿಗೇ ನೋವಿಲ್ಲ! ಎಂಥ ವಿಶ್ವಾಸ!" ಎಂದರು ಬೋಧಕರು.

"ಐತೆಪಾ" ಎಂದ ಅಜ್ಜ. "ಅದಕ್ಕ ಏಳಾಕ ಬರವಲ್ದು."

ಅರ್ಥ ಹೇಳುವವಳು

ಕಡೆಗೆ ಯರಗಟ್ಟಿಯವರು ಕನ್ಯೆ ನೋಡಲು ಮನೆಗೇ ಬಂದರು. ಮಗಳು ಚಹಾ ತಂದಿಟ್ಟಳು. ಹುಡುಗನ ತಂದೆ ಕಪ್ಪು ಮುಟ್ಟದೆ ಕೇಳಿದರು: "ವರಾ ಬಂತೇನವಾ?"

"ಇಲ್ರಿ ಮಾವಾರ."

ಅವರು ಹೆಗಲಿಗೆ ಟವೆಲ್ ಹಾಕಿಕೊಂಡು ಏಳತೊಡಗಿದರು. ನನ್ನ ಹೆಂಡತಿಯ ಕಣ್ಣು ತುಂಬಿತು.

ಅಷ್ಟರಲ್ಲಿ ಪರದೆಯ ಆಚೆ, ಒಳಮನೆಯಿಂದ ದೊಡ್ಡ ದನಿ ಬಂತು: "ಅಬ್ಬಬ್ಬ ಲಾಲಾ ಬಾಬಾ ನನ್ನನ್ನ!"

ನಮ್ಮವ್ವ. ಲಕ್ವ ಹೊಡೆದು ಮಲಗಿದ್ದಾಳೆ, ಮಾತು ಬಿದ್ದುಹೋಗಿದೆ. ತಲೆ ಬಾಚುವುದು, ಉಣಿಸುವುದು, ಮಗ್ಗುಲು ಹೊರಳಿಸುವುದು ಎಲ್ಲಾ ನನ್ನ ಮಗಳೇ. ಅವ್ವನ ಸಪ್ಪಳ ತಿಳಿಯುವುದೂ ಅವಳೊಬ್ಬಳಿಗೇ. ಬಂದವರಿಗೆ ಇದೇನು ಗೊತ್ತು? ಹುಡುಗನ ತಂದೆ ದಡಕ್ಕನೆ ಮೊಣಕಾಲೂರಿದರು. "ಅನ್ಯಭಾಷಾ! ಈ ಮನ್ಯಾಗ ಆತ್ಮ ಅದಾನ! ಬೀಗರ, ಈ ಸಂಬಂಧ ಪಕ್ಕಾ!"

ನಾವು ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು, ಮದುವೆ ಆದ ಹಾಗೆಯೇ. ಹೆಂಡತಿ ನನ್ನ ತೋಳು ಹಿಂಡುತ್ತಿದ್ದಳು.

"ಕರ್ತನೇ, ಅರ್ಥ ಕೊಡು!" ಎಂದು ಬೀಗರು ಕೈ ಎತ್ತಿದರು.

"ನನಗ ತಿಳದೈತ್ರಿ ಮಾವಾರ" ಎಂದಳು ಮಗಳು.

"ಹೇಳವಾ ತಾಯಿ, ಹೇಳು!"

"'ಅಂವ ಯಾವಾಗ ಎದ್ದ ಹೊಕ್ಕಾನ, ನನಗ ಅನ್ನಾ ಯಾವಾಗ ಹಾಕ್ತಿ' ಅನ್ನಾಕತ್ತಾಳ್ರಿ ನಮ್ಮಜ್ಜಿ. ಅಂವ ಅಂದರ ನೀವರಿ."

ಅವರು ಮೊಣಕಾಲು ಝಾಡಿಸಿಕೊಂಡು ಎದ್ದರು. ಹೊಸ್ತಿಲು ದಾಟುತ್ತ, "ನಿಮ್ಮ ಹುಡುಗಿಗೆ ಒಂದೂ ವರ ಇಲ್ಲ" ಎಂದು ತೀರ್ಪು ಕೊಟ್ಟು ಹೋದರು. ಒಳಗಿನಿಂದ ಅವ್ವ ಮತ್ತೇನೋ ಅಂದಳು. ಅಲ್ಲಿತನಕ ಅಳು ನುಂಗಿಕೊಂಡು ನಿಂತಿದ್ದ ಮಗಳು ಬಾಯಿಗೆ ಸೆರಗು ಒತ್ತಿಕೊಂಡು ನಗತೊಡಗಿದಳು.

"ಈಗೇನಂದಳವಾ?" ಎಂದೆ.

"ಅಂಥಾ ಬೈಗುಳಾ ಪಾಸ್ಟರ ಮುಂದ ಇರಲಿ, ನಿನ್ನ ಮುಂದ ಸೈತ ಹೇಳಾಕ ಬರಂಗಿಲ್ಲಪಾ."